ಗುಲಾಬಿ ರಬ್ಬರಿನ ಪುಡಿ

ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಧೂಳು ಸಿಗುತ್ತದೆ, ಜಿರಳೆ ಸಿಗುತ್ತದೆ. ಒಮ್ಮೆ ಬಳಗಾನೂರಿನ ಅಂಗಡಿಯೊಂದರಲ್ಲಿ ಹಲ್ಲಿಯ ಇಡೀ ಸಂಸಾರವೇ ಸಿಕ್ಕಿತ್ತು. ಸ್ಟ್ರಾಬೆರಿ ವಾಸನೆ ಸಿಕ್ಕಿದ್ದು ಇದೇ ಮೊದಲು.

ನಾನು ಮೂಗನ್ನು ಇನ್ನಷ್ಟು ಒಳಗೆ ಹಾಕಿದೆ. ಮೆಮೊರಿ ಪಟ್ಟಿಗಳು ಕೂರುವ ಗೂಡಿನ ಬುಡದಲ್ಲಿ ಗುಲಾಬಿ ಬಣ್ಣದ ಸಣ್ಣ ಸಣ್ಣ ಸುರುಳಿಗಳು ಬಿದ್ದಿದ್ದವು. ಶಾಲೆಯ ಮಕ್ಕಳು ಇಟ್ಟುಕೊಳ್ಳುವ ವಾಸನೆ ರಬ್ಬರಿನ ಪುಡಿ. ನನ್ನ ರಬ್ಬರು ಬಿಳಿಯದು, ಅದಕ್ಕೆ ನನ್ನ ಬೆವರಿನ ವಾಸನೆ ಬಿಟ್ಟರೆ ಬೇರೆ ವಾಸನೆಯಿಲ್ಲ.

"ಮಾಮೂ, ಈ ಡಬ್ಬಿ ಯಾರು ತೆಗದಿದ್ರು?"

"ನಿನ್ನಿ ನೀನ ತೆಗದ್ದು. ಮತ್ಯಾರು ತೆಗೀತಾರ ಬೇಟಾ."

ಉಸ್ಮಾನ್‌ಸಾಬ್ ನನ್ನ ತಾಯಿಯ ತಮ್ಮ. ಮಸ್ಕಿಯಲ್ಲಿ ಅವರ ಫೋಟೋ ಸ್ಟುಡಿಯೋ ಇದೆ. ಒಳಗೆ ಕಪ್ಪು ಪರದೆ, ಗೋಡೆಗೆ ಕೆರೆ ಮತ್ತು ಎರಡು ಹಂಸಗಳ ಬಣ್ಣದ ಚಿತ್ರ. ಹೊರಗೆ ಮೂರು ಗಂಟೆಯ ಬಿಸಿಲು ಕಾದ ಹಂಚಿನಂತಿದ್ದರೂ ಒಳಗೆ ಬಂದವರಿಗೆ ಜೊಂಪು ಹತ್ತುತ್ತದೆ. ಫ್ಯಾನು ತಿರುಗುವಾಗ ಚಿತ್ರದ ಬಟ್ಟೆ ಅಲುಗಿ, ಕೆರೆಯ ನೀರು ನಿಜವಾಗಿಯೂ ತೆರೆಯೆದ್ದಂತೆ ಕಾಣುತ್ತದೆ.

ನಾನು ವಸೀಮಾ. ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು, ಮಂದಿಯ ಗುಟ್ಟು ಕೆದಕುವುದು ನನ್ನ ಚಟ. ಈ ಸಲ ಎರಡೂ ಒಂದೇ ಡಬ್ಬಿಯೊಳಗೆ ಬಂದು ಕೂತಿದ್ದವು.

ಎಂಟು ದಿನದ ಹಿಂದೆ ಮಸ್ಕಿಯ ಕಲ್ಯಾಣ ಮಂಟಪವೊಂದರಲ್ಲಿ, ಬಂಧುಗಳ ಮದುವೆಯ ಊಟದ ಹೊತ್ತಿಗೆ, ಗುರುಗುಂಟಾದ ಭಾರತಿ ಕಾಣೆಯಾಗಿದ್ದಳು. ಇಪ್ಪತ್ಮೂರರ ಹುಡುಗಿ, ನರ್ಸಿಂಗ್ ಮುಗಿಸಿದವಳು. ಅವಳು ಯಾವ ಬಾಗಿಲಿನಿಂದ ಹೋದಳು, ಯಾರ ಜೊತೆ ಹೋದಳು ಎಂಬುದಕ್ಕೆ ಮಾಮೂ ತೆಗೆದ ಫೋಟೋಗಳು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ಮಾಮೂ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಮರುದಿನ ಇನ್ನೊಂದು ಮದುವೆ ಇತ್ತೆಂದು ಕ್ಯಾಮೆರಾದ ಕಾರ್ಡು ಖಾಲಿ ಮಾಡಿಬಿಟ್ಟಿದ್ದರು. ಅದಾದ ಸಂಜೆಯೇ ಕಂಪ್ಯೂಟರು ಮೂರು ಸಲ ಕೂಗಿ ಕಣ್ಣು ಮುಚ್ಚಿತ್ತು.

ಮಸ್ಕಿಯಲ್ಲಿ ಎರಡು ಸಾವಿರ ವರ್ಷದ ಹಿಂದೆ ಬಂಡೆಯ ಮೇಲೆ ಕೊರೆದ ಅಕ್ಷರ ಇವತ್ತಿಗೂ ಓದಲು ಸಿಗುತ್ತದೆ. ನಮ್ಮ ಮಾಮೂನ ಕಂಪ್ಯೂಟರಿಗೆ ಎರಡು ದಿನದ ನೆನಪೂ ನಿಲ್ಲಲಿಲ್ಲ.

ಡಿಸ್ಕ್ ಬಿಚ್ಚಿಕೊಡಿ, ಸಿಂಧನೂರಿಗೆ ಒಯ್ದು ನನ್ನ ಮಷಿನ್ನಿಗೆ ಹಾಕಿ ನೋಡುತ್ತೇನೆ ಎಂದು ಬಡಕೊಂಡಿದ್ದೆ. ಮಾಮೂ ಒಪ್ಪಿರಲಿಲ್ಲ. "ಊರ ಹೆಣ್ಮಕ್ಕಳ ಫೋಟೋ ಅದಾವ ಅದರಾಗ. ನನ್ನ ನಂಬಿ ಕ್ಯಾಮೆರಾ ಮುಂದ ನಿಂತಾರ. ಡಿಸ್ಕ್ ಈ ಹೊಸ್ತಿಲಾ ದಾಟಂಗಿಲ್ಲ." ಅವರ ಹಟಕ್ಕೆ ಔಷಧಿಯಿಲ್ಲ. ಆದರೆ ಆ ಹಟ ನನಗೆ ಇಷ್ಟವೂ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಹಾಗಾಗಿ ನಿನ್ನೆ ಇಲ್ಲಿಯೇ ಕೂತು ಡಬ್ಬಿ ಬಿಚ್ಚಿದ್ದೆ. ಒಳಗೆ ಬೆರಳುದ್ದದ ಎರಡು ಹಳೆಯ ಮೆಮೊರಿ ಪಟ್ಟಿಗಳು, ಎರಡೆರಡು ಜಿಬಿಯವು. ಮದುವೆ ಆಲ್ಬಂ ಮಾಡುವ ಕಂಪ್ಯೂಟರಿಗೆ ಅದು ಆನೆಗೆ ಅರೆಕಾಸಿನ ಮಜ್ಜಿಗೆ. ಎಂಟು ಜಿಬಿಯ ಹೊಸದೊಂದು ಹಾಕಬೇಕಿತ್ತು. ಅದಕ್ಕೂ ಮೊದಲು ಹಳೆಯವನ್ನು ಒಂದೊಂದಾಗಿ ತೆಗೆದು, ನಮ್ಮ ಕಸುಬಿನವರೆಲ್ಲ ಮಾಡುವಂತೆ, ಅವುಗಳ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜತೊಡಗಿದೆ. ಕಿಲುಬು ಹಿಡಿದಿದ್ದರೆ ಹೋಗುತ್ತದೆ, ಮಷಿನ್ ಎದ್ದುಬಿಡುತ್ತದೆ. ಹತ್ತರಲ್ಲಿ ಆರು ಸಲ ಇಷ್ಟೇ ಇರುತ್ತದೆ ನಮ್ಮ ವಿದ್ಯೆ.

ಆಗ ಭಾರತಿಯ ತಾಯಿ ಸೂಗಮ್ಮ, ಹಂಸಗಳ ಮುಂದಿನ ಕುರ್ಚಿಯಲ್ಲಿ ಕೂತವಳು, ಕಣ್ಣೊರೆಸಿಕೊಂಡು ಕೇಳಿದ್ದಳು. "ಏನದು ಉಜ್ಜಾಕತ್ತಿ ಯವ್ವಾ?"

"ಮೆಮೊರಿ ಅಮ್ಮಾ. ಹಿಂಗ ರಬ್ಬರ್ ಹಚ್ಚಿದ್ರ ಹಳೇದೆಲ್ಲಾ ಅಳಿಸಿ ಹೋಕ್ಕತಿ."

ಪಕ್ಕದಲ್ಲಿ ನಿಂತಿದ್ದ ವೀರೇಂದ್ರ ಗಾಬರಿಯಾದ. ಅವನು ಸೂಗಮ್ಮನ ಹಿರಿಯ ಅಳಿಯ, ಲಿಂಗಸುಗೂರಿನಲ್ಲಿ ಪುಸ್ತಕದಂಗಡಿ ಇಟ್ಟವನು. ಪೊಲೀಸರ ಹತ್ತಿರ ಹೋಗುವುದು ಬೇಡ, ಮನೆತನದ ಮರ್ಯಾದೆ ಎಂದು ತಡೆದವನೂ ಅವನೇ. "ಫೋಟೋನೂ ಅಳಿಸಿ ಹೋಗ್ತಾವೇನ್ರೀ?" ಎಂದ. "ಹೋಗ್ಲಾರದ ಏನ್ರಿ" ಎಂದೆ. ಮಾಮೂ ಮೀಸೆಯಲ್ಲೇ ನಕ್ಕರು, ಅವರು ಈ ಉಜ್ಜಾಟವನ್ನು ಎಷ್ಟೋ ಸಲ ನೋಡಿದವರು. ನನ್ನ ನಾಲಿಗೆಗೆ ಎಲುಬಿಲ್ಲ, ಏನು ಮಾಡಲಿ.

ಒಂದು ಪಟ್ಟಿ ಉಜ್ಜಿಯಾಯಿತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು, ಸಿಂಧನೂರಿನ ಬಸ್ಸೂ ಬಂತು. ಉಜ್ಜಿದ್ದನ್ನು ಗೂಡಿಗೆ ಕೂರಿಸಿ, ಉಳಿದದ್ದು ನಾಳೆ ಎಂದು ಹೇಳಿ ಹೋದೆ. ಇವತ್ತು ಬೆಳಿಗ್ಗೆ ಲಿಂಗಸುಗೂರಿಗೆ ಹೋಗಿ ಹೊಸ ಮೆಮೊರಿ ತಗೊಂಡು, ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಅರ್ಧ ನಿದ್ದೆಯಲ್ಲಿ ಮಸ್ಕಿಗೆ ಬಂದಿಳಿದಿದ್ದೆ.

ಈಗ ನೋಡಿದರೆ ಎರಡನೆಯ ಪಟ್ಟಿಯೂ ಫಳಫಳ ಹೊಳೆಯುತ್ತಿತ್ತು.

ಹೊಸದನ್ನು ಜೇಬಿನಲ್ಲಿಯೇ ಬಿಟ್ಟು ಸುಮ್ಮನೆ ಗುಂಡಿ ಒತ್ತಿದೆ. ಮಷಿನ್ ಒಂದೇ ಸಲ, ಮೆಲ್ಲಗೆ ಕೂಗಿತು. ಪರದೆಯ ಮೇಲೆ ನೀಲಿ ಬೆಳಕು ಹರಡಿತು. ಮಾಮೂ "ಯಾ ಅಲ್ಲಾ" ಎಂದು ಎರಡೂ ಕೈಗಳಿಂದ ಮುಖ ಸವರಿಕೊಂಡರು. ಮದುವೆಯ ಫೋಟೋಗಳು ಇದ್ದಲ್ಲಿಯೇ ಇದ್ದವು, ಸಾವಿರದ ನಾನೂರು ಚಿಲ್ಲರೆ.

ಅಂದರೆ ಕೆಟ್ಟಿದ್ದು ಎರಡನೆಯ ಪಟ್ಟಿ. ಯಾರೋ ಬಂದು, ಡಬ್ಬಿ ಬಿಚ್ಚಿ, ಫೋಟೋ ಅಳಿಸಲೆಂದು ಅದನ್ನು ಉಜ್ಜಿದ್ದರು. ಅಳಿಸಲು ಹೋಗಿ ರಿಪೇರಿ ಮಾಡಿಟ್ಟಿದ್ದರು. ಇಂಥ ಕೆಲಸವನ್ನು ನನ್ನ ಮಾತು ನಂಬಿದವರು ಮಾತ್ರ ಮಾಡಲು ಸಾಧ್ಯ. ನನ್ನ ಮಾತು ಕೇಳಿದವರು ಮೂವರೇ.

ಮಾಮೂ ನಂಬುವವರಲ್ಲ. ಸೂಗಮ್ಮ ಫೋಟೋ ಬರಲೆಂದು ಎಂಟು ದಿನದಿಂದ ಇಲ್ಲಿಯೇ ಕೂತು ಅಳುತ್ತಿರುವವಳು, ಇವತ್ತೂ ಹಂಸಗಳ ಮುಂದೆ ಕೂತಿದ್ದಳು. ಉಳಿದವನು ವೀರೇಂದ್ರ. ಅವನ ಅಂಗಡಿಯಲ್ಲಿ ವಾಸನೆ ರಬ್ಬರಿಗೇನು ಬರವೇ. ಫೋಟೋ ಬಂದ ಕೂಡಲೇ ಮೊದಲು ನನಗೆ ತಿಳಿಸಿ ಎಂದು ನಿನ್ನೆ ನಾಲ್ಕು ಸಲ ಹೇಳಿದ್ದ.

ಹಿಂದೆ ಮುಂದೆ ನೋಡದೆ ಬಾಗಿಲಾಚೆ ಹೋಗಿ ಫೋನು ಹಚ್ಚಿದೆ. "ವೀರೇಂದ್ರ ಅವ್ರ, ಫೋಟೋ ಎಲ್ಲಾ ಬಂದಾವ್ರಿ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಮೇಲೆ, "ಯಾರ್ಗೂ ತೋರಸಬ್ಯಾಡ್ರಿ. ನಮ್ಮ ಅತ್ತೀಗೂ ತೋರಸಬ್ಯಾಡ್ರಿ. ಮುಕ್ಕಾಲು ತಾಸಿನ್ಯಾಗ ಬರ್ತೀನಿ."

ಇಲಿ ಬೋನಿಗೆ ಬಂತು ಎಂದು ಹಿಗ್ಗಿದೆ. ಬರಲಿ, ರಬ್ಬರಿನ ಪುಡಿ ಮುಂದಿಟ್ಟು ಕೇಳುತ್ತೇನೆ ಎಂದುಕೊಂಡು, ಹೊಸ ಮೆಮೊರಿ ಹಾಕಲು ಮಷಿನ್ ಆರಿಸಿ ಬಗ್ಗಿದೆ.

ಆಗ ಕಂಡಿತು. ಎರಡನೆಯ ಗೂಡಿನ ತುದಿಯಲ್ಲಿ, ಪಟ್ಟಿಯನ್ನು ಕಚ್ಚಿ ಹಿಡಿಯುವ ಚಿಮಟಿಗೆಗೆ ಒಂದು ಕೆಂಪು ನೂಲಿನ ಎಳೆ ಸಿಕ್ಕಿಕೊಂಡಿತ್ತು. ಮೇಣ ಸವರಿದ ದಪ್ಪ ನೂಲು, ಹಳೆ ಸೀರೆಗಳ ಕೌದಿ ಹೊಲಿಯುವ ನೂಲು.

"ಮಾಮೂ, ನಿನ್ನಿ ನಾ ಹೋದ ಮ್ಯಾಲ ವೀರೇಂದ್ರ ಎಷ್ಟೊತ್ತು ಇದ್ರು?"

"ನಿನ್ನ ಹಿಂದ ಹೋದ್ರಲ್ಲ. ನಾ ಅಸರ್ ನಮಾಜಿಗೆ ಹೋದೆ. ಅಂಗಡ್ಯಾಗ ಸೂಗಮ್ಮ ಒಬ್ಬಾಕಿನ ಇದ್ಲು, ಪಾಪ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಪ್ರಶ್ನೆಯನ್ನು ಫೋನು ಮಾಡುವ ಮೊದಲು ಕೇಳಬೇಕಿತ್ತು.

ತಿರುಗಿ ನೋಡಿದೆ. ಮಷಿನ್ ಎದ್ದಾಗ ಮಾಮೂ ದೇವರನ್ನು ನೆನೆದಿದ್ದರು, ನಾನು ಹಿಗ್ಗಿದ್ದೆ. ಸೂಗಮ್ಮ ಮಾತ್ರ ಒಂದು ಮಾತೂ ಆಡಿರಲಿಲ್ಲ. ಬಣ್ಣದ ಕೆರೆಯ ದಂಡೆಯಲ್ಲಿ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಕಾಲ ಬಳಿ ಅರ್ಧ ಹೊಲಿದ ಕೌದಿಯ ಗಂಟು ಇತ್ತು.

"ಮಾಮೂ, ಮೂರು ಚಾ ತರ್ರಿ. ಅಲ್ಲೇ ಕುಂತು ಒಂದು ಕುಡದು, ನಮಾಜ್ ಮುಗಿಸಿಕೊಂಡ ಬರ್ರಿ" ಎಂದೆ. ಅವರು ನನ್ನ ಮುಖ ನೋಡಿ ಏನೂ ಕೇಳದೆ ಹೋದರು.

ನಾನು ಸೂಗಮ್ಮನ ಮುಂದೆ ನೆಲದ ಮೇಲೆ ಕೂತೆ.

"ಅಮ್ಮಾ, ರಬ್ಬರ್ ಎಲ್ಲೈತ್ರಿ?"

ಅವಳು ಇಲ್ಲವೆನ್ನಲಿಲ್ಲ. ಎಲೆ ಅಡಿಕೆಯ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಸವೆದುಹೋದ ಒಂದು ಗುಲಾಬಿ ತುಂಡು ತೆಗೆದು ನನ್ನ ಅಂಗೈಗೆ ಹಾಕಿದಳು.

"ಬಾಜೂಕಿನ ಡಬ್ಬಾ ಅಂಗಡ್ಯಾಗ ರಬ್ಬರ್ ತಗೊಂಡೆ. ನೀ ಎರಡೂ ಕಡಿ ಕಿವಿ ಹಿಂದಕ್ಕ ಒತ್ತಿ ತೆಗದ್ದು ನೋಡಿದ್ದೆ, ಹಂಗ ತೆಗದೆ. ಭಾಳ ಉಜ್ಜಿದೆ ಯವ್ವಾ. ಕೈ ಸೋತು ಹೋತು. ನೀನ ಅಂದಿದ್ದಿಯಲ್ಲ, ಉಜ್ಜಿದ್ರ ಅಳಿಸಿ ಹೋಕ್ಕತಿ ಅಂತ."

ನನಗೆ ನಗು ಬಂತು, ಅದರ ಬೆನ್ನಿಗೇ ನಾಚಿಕೆ ಬಂತು. ಓದು ಬರಹ ಇಲ್ಲದ ಹೆಂಗಸು, ನನ್ನ ಒಂದು ಹಾಳು ಚೇಷ್ಟೆಯನ್ನು ನಂಬಿ, ಬೆರಳು ನೋಯುವವರೆಗೆ ಉಜ್ಜಿದ್ದಳು.

"ಅದು ಫೋಟೋ ಇಡೋ ಜಾಗ ಅಲ್ಲಮ್ಮಾ. ಕೆಲಸ ಮಾಡೋವಾಗ ಕೈಯಾಗ ಹಿಡಕೊಂತೀವಲ್ಲ, ಅಷ್ಟ. ಕರೆಂಟ್ ಹೋದ್ರ ಅದಕ್ಕ ಏನೂ ನೆನಪಿರಂಗಿಲ್ಲ. ಫೋಟೋ ಇರೋದು ಬ್ಯಾರೆ ಕಡಿ. ನೀವು ಉಜ್ಜಿದ್ದಕ್ಕ ಕಿಲುಬು ಹೋಗಿ ಮಷಿನ್ ಎದ್ದೈತಿ."

"ನಾನ ಎಬ್ಬಿಸಿದೆ?"

"ಹೌದ್ರಿ."

ಸೂಗಮ್ಮ ತಲೆ ಬಡಿದುಕೊಳ್ಳಲಿಲ್ಲ. ಹಣೆಗೆ ಕೈ ಹಚ್ಚಿ ನೆಲ ನೋಡಿದಳು. ಫೋಟೋ ಬರಲೆಂದು ಅಳುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಎಂಟು ದಿನವೂ ಅವಳು ಅತ್ತದ್ದು ಫೋಟೋ ಬರಬಾರದೆಂದು.

"ಅಮ್ಮಾ, ಭಾರತಿ ಎಲ್ಲದಾಳ?"

"ಆರಾಮದಾಳ" ಎಂದಳು. ಆ ಮಾತು ಹೇಳುವಾಗ ಅವಳ ಮುಖ ಎಷ್ಟು ಹಗುರಾಯಿತೆಂದರೆ, ನಿದ್ದೆಯಲ್ಲಿ ಏನೋ ಒಳ್ಳೆಯದು ಕಂಡವರ ಹಾಗೆ. "ಸಿಂಧನೂರಾಗ ಅದಾಳ. ಶಿವರಂಜನಿ ಅಂತ ಅಕಿ ಹಾಸ್ಟೆಲ್ ಗೆಳತಿ, ನರ್ಸ್ ಆಗ್ಯಾಳ. ಇಕೀಗೂ ಅಲ್ಲೇ ಕೆಲಸ ನೋಡ್ಯಾಳ. ನಾನ ಕಳಿಸಿದ್ದು."

"ಯಾಕ್ರಿ?"

"ನನ್ನ ಹಿರೀ ಮಗಳಿಗೆ ಮಕ್ಕಳಾಗಲಿಲ್ಲ. ತಂಗೀನ ನನಗ ಕೊಡ್ರಿ ಅಂತ ಅಳಿಯಾರು ಕುಂತಬಿಟ್ರು. ಎರಡನೇ ಸಂಬಂಧ. ಭಾರತಿ ಒಲ್ಲೆ ಅಂತ ಅನ್ನ ಬಿಟ್ಲು. ಒಂದ ಮನಿಗೆ ಇಬ್ಬರನ್ನ ಕೊಟ್ಟು ಇಬ್ಬರ ಕಣ್ಣೀರೂ ನಾ ಹ್ಯಾಂಗ ನೋಡಲಿ ಮಗಳ?"

ಮದುವೆಯ ದಿನ ಎರಡು ಗಂಟೆಗೆ ಶಿವರಂಜನಿ ಆಟೋ ತಗೊಂಡು ಮಂಟಪದ ಹಿಂದಿನ ಗೇಟಿಗೆ ಬರುವುದೆಂದು ಮಾತಾಗಿತ್ತು. ಅಳಿಯ ಆ ಕಡೆ ಸುಳಿಯಬಾರದೆಂದು ಸೂಗಮ್ಮ ತಾನೇ ಅವನ ಕೈಗೆ ಸಾರಿನ ಸೌಟು ಕೊಟ್ಟು, ಪಂಕ್ತಿಗೆ ಬಡಿಸಿರಿ ಎಂದು ನಿಲ್ಲಿಸಿ, ಬೀಗರ ಪಕ್ಕ ಊಟಕ್ಕೆ ಕೂತಿದ್ದಳು. ಊಟ ಮುಗಿಸಿ ಎದ್ದಾಗ ಮಗಳಿರಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲರಿಗಿಂತ ಮೊದಲು ಭಾರತಿ ಎಲ್ಲಿ ಎಂದು ಕೂಗಾಡಿದವನೂ ವೀರೇಂದ್ರನೇ.

"ಆಮ್ಯಾಲ ಮಗಳಿಗೆ ಫೋನ್ ಮಾಡಿರೇನು?"

"ತಿಂಗಳಗಟ್ಟಲೆ ಫೋನ್ ಹಚ್ಚಬ್ಯಾಡ ಅಂತ ನಾನ ಆಣಿ ಹಾಕಿಸೀನಿ. ಅಳಿಯಾರು ದಿನಾ ನನ್ನ ಫೋನ್ ಇಸಗೊಂಡು ನೋಡ್ತಾರ." ಆಮೇಲೆ ಮೆಲ್ಲಗೆ ಕೇಳಿದಳು. "ಅವರಿಗೆ ತಿಳಿಸಿದಿಯೇನು?"

"ಬರಾಕತ್ತಾರ. ತಪ್ಪಾತು ಅಮ್ಮಾ."

ಅವಳು ನನ್ನ ಎರಡೂ ಕೈ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. "ಹಂಗಾರ ಅವರು ಬರೋದ್ರೊಳಗ ನೀನ ಖರೇನ ಅಳಿಸಿ ಬಿಡು. ಆಟೋ ಕಂಡ್ರ, ಅದರ ನಂಬರ್ ಹಿಡಕೊಂಡು ಅವರು ಸಿಂಧನೂರಿಗೆ ಹೋಗಿ ಅಕೀನ ಎಳಕೊಂಡು ಬರ್ತಾರ."

ಪತ್ತೇದಾರಿ ಮಾಡಲು ಹೊರಟವಳು ಸಾಕ್ಷಿ ಅಳಿಸಲು ಕೂತೆ. ನನಗೆ ಅದರಲ್ಲಿ ಎಳ್ಳಷ್ಟೂ ಬೇಜಾರಾಗಲಿಲ್ಲ.

ಹೊಸ ಮೆಮೊರಿಯನ್ನು ಖಾಲಿಯಿದ್ದ ಮೂರನೆಯ ಗೂಡಿಗಿಟ್ಟು ಒತ್ತಿದೆ. ಎರಡೂ ಚಿಮಟಿಗೆಗಳು ಟಕ್ಕೆಂದು ಮುಚ್ಚಿಕೊಂಡವು. ನಾಲ್ಕು ಜಿಬಿ ಇದ್ದದ್ದು ಹನ್ನೆರಡಾಯಿತು. ಮೊದಲೆಲ್ಲ ಒಂದು ಫೋಟೋ ದೊಡ್ಡದು ಮಾಡಿದರೆ ಚಕ್ರ ತಿರುಗುತ್ತ ಅರ್ಧಕ್ಕೇ ನಿಂತುಬಿಡುತ್ತಿತ್ತಂತೆ. ಈಗ ಸಾವಿರ ಫೋಟೋ ಒಂದರ ಹಿಂದೊಂದು ನೀರಿನಂತೆ ಹರಿದವು.

ಅರಿಶಿನದ ಕೈಗಳು ಹೋದವು. ಗಂಧ ಹಚ್ಚಿಸಿಕೊಳ್ಳುವ ಮುದುಕರು ಹೋದರು. ಆಕಾಶದಲ್ಲಿಯೇ ನಿಂತುಬಿಟ್ಟ ಅಕ್ಕಿಕಾಳು, ಬಾಯಿ ತೆರೆದ ವಾಲಗದವರು, ಯಾವ ಸದ್ದೂ ಇಲ್ಲ. ನಡುನಡುವೆ ಗಿಳಿಹಸಿರು ಸೀರೆಯ ಭಾರತಿ. ಒಂದರಲ್ಲಿ ಹೂ ಮುಡಿಸುತ್ತಿದ್ದಳು, ಒಂದರಲ್ಲಿ ಬಾಗಿಲ ಕಡೆ ನೋಡುತ್ತಿದ್ದಳು. ಸೂಗಮ್ಮ ಅವಳು ಕಂಡಾಗಲೆಲ್ಲ ಪರದೆಯನ್ನು ಬೆರಳಿನಿಂದ ಮುಟ್ಟುತ್ತಿದ್ದಳು. ಆಕೆ ಅಳುತ್ತಿರಲಿಲ್ಲ, ಖುಷಿಯಲ್ಲಿದ್ದಳು. ನನಗೂ ಹೊತ್ತಿನ ಪರಿವೆ ಹೋಗಿತ್ತು.

ಎರಡು ಗಂಟೆ ಮೂರು ನಿಮಿಷ. ಮದುಮಕ್ಕಳು ಮಂಟಪದ ಹಿಂದಿನ ಬೇವಿನ ಮರದ ಕೆಳಗೆ ನಿಂತಿದ್ದರು. ಅವರ ಹೆಗಲ ಸಂದಿಯಲ್ಲಿ, ದೂರದಲ್ಲಿ, ಗೇಟು. ಗೇಟಿನಲ್ಲಿ ಒಂದು ಹಸಿರು ಚುಕ್ಕೆ.

"ಇದ, ಇದ" ಎಂದಳು ಸೂಗಮ್ಮ. "ಇದನ್ನ ಅಳಿಸು."

ಅಳಿಸುವ ಮೊದಲು ದೊಡ್ಡದು ಮಾಡಿದೆ. ಚಟ, ಎಂದೆನಲ್ಲ.

ಗೇಟಿನಲ್ಲಿ ಆಟೋ ಇರಲಿಲ್ಲ. ಬಿಳಿ ಬೊಲೆರೊ ಇತ್ತು. ಭಾರತಿ ಒಂದು ಕಾಲು ಮೇಲಿಟ್ಟಿದ್ದಳು. ಬಾಗಿಲು ಹಿಡಿದು ನಿಂತ ಗಂಡಸಿನ ತಲೆಗೆ ಮದುವೆಯ ರುಮಾಲು, ಇನ್ನೊಂದು ಕೈಯಲ್ಲಿ ಸಾರಿನ ಸೌಟು.

ಸೂಗಮ್ಮ ಪರದೆಗೆ ಮುಖ ಹತ್ತಿರ ಒಯ್ದಳು.

"ನಗಾಕತ್ತಾಳ" ಎಂದಳು. "ನನ್ನ ಕೂಸು ಅಂವನ ಗಾಡಿ ಹತ್ತೋವಾಗ ಯಾಕ ನಗಾಕತ್ತಾಳ?"

ಅವಳ ಸಂಚಿಯಲ್ಲಿ ಶಿವರಂಜನಿಯ ನಂಬರ್ ಬರೆದಿಟ್ಟ ಚೀಟಿಯಿತ್ತು, ಅದನ್ನು ಇಸಗೊಂಡು ಫೋನು ಹಚ್ಚಿದೆ. ಮೂರನೆಯ ರಿಂಗಿಗೆ ಎತ್ತಿದಳು. ಭಾರತಿಗೆ ಫೋನ್ ಕೊಡ್ರಿ ಎಂದೆ.

"ಭಾರತಿ ಇಲ್ಲೆಲ್ಲದಾಳ್ರಿ?" ಎಂದಳು ಆ ಹುಡುಗಿ. "ಅವತ್ತ ನಮ್ಮ ಆಟೋ ಬರೋದು ಹತ್ತು ನಿಮಿಷ ತಡಾತು. ಎರಡು ತಾಸು ಗೇಟಿನ್ಯಾಗ ಕಾದೆ, ಯಾರೂ ಬರಲಿಲ್ಲ. ಅಕಿ ಅವ್ವ ಮನಸ್ಸು ಬದಲಿ ಮಾಡ್ಯಾಳ ಅಂದ್ಕೊಂಡು ಹೊಳ್ಳಿ ಬಂದೆ. ಯಾಕ್ರಿ, ಏನಾತು?"

ಫೋನಿನ ದನಿ ಸೂಗಮ್ಮನಿಗೂ ಕೇಳಿಸಿತು. ಎಂಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ ಸಮಾಧಾನ ಅವಳ ಮುಖದಿಂದ ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಅಂಥದ್ದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಹೊರಗೆ ಗಾಡಿ ನಿಂತ ಸದ್ದಾಯಿತು.

ವೀರೇಂದ್ರ ಚಪ್ಪಲಿ ಬಿಟ್ಟು ಒಳಗೆ ಬಂದ. ಬೆವರು ಒರೆಸಿಕೊಂಡು ನನಗೆ ನಮಸ್ಕಾರ ಮಾಡಿದ. ಪರದೆಯ ಕಡೆ ನೋಡಲಿಲ್ಲ, ಮೊದಲು ಅತ್ತೆಯನ್ನು ನೋಡಿದ.

"ನೋಡಿದ್ರೇನು ಅತ್ತಿ?"

"ಇಲ್ರಿ" ಎಂದಳು ಸೂಗಮ್ಮ. "ನನಗೇನ್ ತಿಳೀತೈತಿ ಇದು. ಕುಂದರ್ರಿ."

ಅವನು ಹಂಸಗಳ ಮುಂದಿನ ಕುರ್ಚಿಯಲ್ಲಿ ಕೂತ. ಸೂಗಮ್ಮ ಎದ್ದು, ಅವನ ಪಕ್ಕದಿಂದಲೇ ನಿಧಾನ ನಡೆದು, ಬಾಗಿಲಿಗೆ ಹೋದಳು. ಅಷ್ಟು ಬಲ ಆ ತೋಳಿನಲ್ಲಿ ಇದೆಯೆಂದು ನಾನು ಎಣಿಸಿರಲಿಲ್ಲ. ಎರಡೂ ಕೈಯಿಂದ ಶೆಟರ್ ಎಳೆದು ಕೆಳಗಿನವರೆಗೆ ಇಳಿಸಿದಳು. ಹೊರಗಿನ ಬಿಸಿಲು ಒಂದು ಗೆರೆಯಷ್ಟಾಗಿ, ಅದೂ ಹೋಯಿತು. ಒಳಗೆ ಪರದೆಯ ಬೆಳಕು ಮಾತ್ರ ಉಳಿಯಿತು.

ಅಳಿಯನಿಗೆ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಏಕವಚನ ಆಡದ ಹೆಂಗಸು, ಅವನ ಮುಂದೆ ಬಂದು ನಿಂತಳು.

"ಈಗ ಹೇಳಲೇ. ನನ್ನ ಮಗಳನ್ನ ಎಲ್ಲಿ ಇಳಿಸಿದಿ?"

ವೀರೇಂದ್ರ ಆಗ ಪರದೆ ನೋಡಿದ. ಸೌಟು ಹಿಡಿದ ತನ್ನ ಕೈ ನೋಡಿದ. ಸಿಟ್ಟಾಗುತ್ತಾನೆ, ಎದ್ದು ಓಡುತ್ತಾನೆ ಎಂದು ನಾನು ಕೈಗೆ ಸಿಕ್ಕಿದ ಸ್ಕ್ರೂಡ್ರೈವರ್ ಹಿಡಿದುಕೊಂಡಿದ್ದೆ. ಅವನು ಏಳಲಿಲ್ಲ. ಚಿಕ್ಕ ಹುಡುಗರ ಹಾಗೆ ಅವನ ತುಟಿ ಅದುರತೊಡಗಿತು.

"ನಾ ಇಳಿಸಿಲ್ಲ ಅತ್ತಿ" ಎಂದ. "ಇಳಿ ಅಂದ್ರೂ, ನಿಮ್ಮ ಕೂಡನ ಇರ್ತೀನಿ ಅಂತ ಅಕಿ ಇಳೀಲಿಲ್ಲ."